ನೋಡಿ ಬಂದ ಊರಿಗೆ ಮೊದಲ ಪ್ರಯಾಣ

ಹೆಂಡತಿ: ರೀ, ಮೆತ್ತಗೆ ಮಾತಾಡಿ. ಅಕ್ಕ ಮುಖ ತೊಳೆಯೋಕೆ ಹೋಗಿದ್ದಾರೆ ಅಷ್ಟೇ, ರೈಲಿಳಿದು ಹೋಗಿಲ್ಲ.

ಗಂಡ: ನಾನು ಮೆತ್ತಗೆ ಮಾತಾಡಿ ಏನು ಬಂತು? ನೀನು ಜೋರಾಗಿ ಹೇಳ್ಕೊಂಡು ತಿರುಗಿದ್ದಕ್ಕೇ ಅಲ್ವಾ ಇವತ್ತು ಈ ಗತಿ! "ಆ ಊರು ನನಗೆ ಅಂಗೈ ಮೇಲಿನ ನೆಲ್ಲಿಕಾಯಿ" ಅಂದೆಯಂತೆ. ತೋರಿಸು ಈಗ ನೆಲ್ಲಿಕಾಯಿ.

ಹೆಂಡತಿ: ಏನೋ ಮಾತಿಗೆ ಅಂದೆ. ಅವರು ಗಂಟುಮೂಟೆ ಕಟ್ಕೊಂಡು "ಗೊತ್ತಿರೋರ ಜೊತೆ ಹೋದ್ರೆ ನಿಶ್ಚಿಂತೆ, ನಾನೂ ಬರ್ತೀನಿ" ಅಂತ ಹೊರಟೇಬಿಡ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?

ಗಂಡ: ಬೇಡ ಅನ್ನಬೇಕಿತ್ತು.

ಹೆಂಡತಿ: ನಿಮ್ಮ ಅಣ್ಣನ ಹೆಂಡತಿ. ನೀವೇ ಅನ್ನಬೇಕಿತ್ತು.

ಗಂಡ: ನಾನು ಅತ್ತಿಗೆಗೆ ಬೇಡ ಅಂದದ್ದು ನಮ್ಮ ವಂಶದ ಚರಿತ್ರೆಯಲ್ಲೇ ಇಲ್ಲ.

ಹೆಂಡತಿ: ನನಗೆ ಬೇಡ ಅನ್ನೋಕೆ ಮಾತ್ರ ಬಾಯಿ ಚೆನ್ನಾಗಿ ಬರುತ್ತೆ.

ಗಂಡ: ಅದೂ ಎಲ್ಲಿ ಬರುತ್ತೆ? ಬಂದಿದ್ರೆ ಆವತ್ತೇ ಬೇಡ ಅಂತಿದ್ದೆ, ಇವತ್ತು ಹೀಗೆ ಬೆವರು ಒರೆಸ್ಕೋಬೇಕಾಗಿರಲಿಲ್ಲ.

ಆವತ್ತು ನಡೆದದ್ದು ಇಷ್ಟೇ. ಗಂಡನದು ಫೋಟೋ ಸ್ಟುಡಿಯೋ. ಕೆಲವು ವರ್ಷಗಳ ಹಿಂದೆ ನೆಂಟರಿಷ್ಟರೆಲ್ಲ ರಜೆಗೆ ಎಲ್ಲೆಲ್ಲಿಗೋ ಹೋಗಿ ಬಂದು ಮೂಗು ಮೇಲೆ ಮಾಡಿಕೊಂಡು ಓಡಾಡುತ್ತಿದ್ದಾಗ, ಈಕೆಗೆ ಹೊಟ್ಟೆ ಉರಿದು ಹೋಯಿತು. "ನಾವೂ ದೊಡ್ಡ ಊರಿಗೆ ಹೊರಟೆವು" ಎಂದು ಡಂಗುರ ಸಾರಿ, ಮುಂಬಾಗಿಲಿಗೆ ಬೀಗ ಜಡಿದು, ಹಿಂಬಾಗಿಲಿಂದ ಒಳಗೆ ಸೇರಿ, ರಜೆ ಮುಗಿಯುವವರೆಗೂ ಗಂಡ ಹೆಂಡತಿ ತಮ್ಮ ಮನೆಯಲ್ಲೇ ಕಳ್ಳರ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದರು. ನಾಟಕದವರಿಂದ ಮೊದಲೇ ಒಂದು ಪರದೆ ಎರವಲು ತಂದಿಟ್ಟಿದ್ದರು. ಅದರ ಮೇಲೆ ಆ ಊರಿನ ಸಮುದ್ರ, ಗಡಿಯಾರದ ಗೋಪುರ, ಸಾಲುದೀಪ. ಗಂಡ ಕ್ಯಾಮೆರಾಗೆ ಟೈಮರ್ ಇಟ್ಟು, ಇಬ್ಬರೂ ಅದರ ಮುಂದೆ ನಿಂತು ತೆಗೆದುಕೊಂಡ ಫೋಟೋ ನೆಂಟರ ಮನೆಗೆಲ್ಲ ಹಂಚಿದರು. ಜನ ಪ್ರವಾಸ ಹೋಗುವುದು ಊರು ನೋಡುವುದಕ್ಕಲ್ಲ, ಹೋಗದವರ ಮುಖ ನೋಡುವುದಕ್ಕೆ. ಹಾಗಿರುವಾಗ ಹೋಗುವ ಖರ್ಚಾದರೂ ಯಾಕೆ ಎಂದು ಇವರು ಯೋಚಿಸಿದ್ದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಈಗ ನಾಲ್ಕು ಕಾಸು ಕೂಡಿಸಿಕೊಂಡು ನಿಜವಾಗಿಯೇ ಹೊರಟಿದ್ದಾರೆ. ನಿನ್ನೆ ಹತ್ತಿದ ರೈಲು ಇನ್ನೂ ಓಡುತ್ತಲೇ ಇದೆ, ಮಧ್ಯಾಹ್ನದ ಹೊತ್ತಿಗೆ ಊರು. ಗುಟ್ಟು ರಟ್ಟಾದರೆ ಹೆಂಡತಿ ಇನ್ನು ಯಾವ ನೆಂಟರ ಮನೆ ಹೊಸ್ತಿಲನ್ನೂ ತಲೆಯೆತ್ತಿ ದಾಟುವ ಹಾಗಿಲ್ಲ.

ಅತ್ತಿಗೆ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದು ಎದುರು ಸೀಟಿನಲ್ಲಿ ಕೂತರು. ಚೀಲಕ್ಕೆ ಕೈಹಾಕಿ ಒಂದು ಫೋಟೋ ತೆಗೆದರು. ಅದೇ ಪರದೆಯ ಫೋಟೋ.

ಅತ್ತಿಗೆ: ಇದನ್ನ ಜೊತೆಗೇ ತಂದೆ ಕಣೇ. ನೀವು ನಿಂತ ಜಾಗದಲ್ಲೇ ನಾನೂ ನಿಂತು ಒಂದು ತೆಗೆಸ್ಕೋಬೇಕು.

ಹೆಂಡತಿ: ಇನ್ನೂ ಇಟ್ಕೊಂಡಿದ್ದೀರಾ ಅಕ್ಕಾ!

ಅತ್ತಿಗೆ: ಇಟ್ಕೊಳ್ಳದೆ? ಬೇಡ ಅಂದೋರಿಗೆ ಎರಡೆರಡು ಕೊಟ್ಟೋಳು ನೀನು. ಅಲ್ಲಪ್ಪಾ, ಈ ಸಮುದ್ರದಲ್ಲಿ ಒಂದು ಗೆರೆ ಇದೆಯಲ್ಲ, ಏನದು?

ಗಂಡ: ಅದು... ಅಲೆ ಅತ್ತಿಗೆ.

ಅತ್ತಿಗೆ: ಅಲೆ ಅಡ್ಡಕ್ಕೆ ಬರುತ್ತೆ ಅಂತ ಕೇಳಿದ್ದೆ. ಇದು ಮೇಲಿಂದ ಕೆಳಗೆ ನಿಂತಿದೆ. ಬೆಡ್‌ಶೀಟ್ ಮಡಚಿಟ್ಟು ಬಿಚ್ಚಿದ ಹಾಗಿದೆ.

ಹೆಂಡತಿ: ಅಲ್ಲಿ ಗಾಳಿ ಜೋರು ಅಕ್ಕ. ಅಲೆ ನೆಟ್ಟಗೆ ಎದ್ದು ನಿಂತುಬಿಡುತ್ತೆ.

ಅತ್ತಿಗೆ: ಅಷ್ಟು ಗಾಳಿಗೆ ನಿನ್ನ ಕೂದಲು ಒಂದೆಳೆಯೂ ಕೆದರಿಲ್ಲ?

ಹೆಂಡತಿ: ಎಣ್ಣೆ ಹಚ್ಚಿದ್ದೆ.

ಗಂಡ (ಹೆಂಡತಿಯ ಕಿವಿಯಲ್ಲಿ): ಪರದೆಗೆ ಇಸ್ತ್ರಿ ಹಾಕೋಣ ಅಂತ ಬಡ್ಕೊಂಡೆ. ಕೇಳಿದ್ಯಾ?

ಅತ್ತಿಗೆ: ಮತ್ತೆ, ಈ ಕಡೆ ಸೂರ್ಯ ಮುಳುಗ್ತಿದ್ದಾನೆ, ಆ ಕಡೆ ಗಡಿಯಾರದಲ್ಲಿ ಹನ್ನೆರಡು ಗಂಟೆ!

ಗಂಡ: ಬಹಳ ದೊಡ್ಡ ಊರು ಅತ್ತಿಗೆ. ಆ ತುದಿಯಿಂದ ಈ ತುದಿಗೆ ಬರೋಷ್ಟರಲ್ಲಿ ಹೊತ್ತು ಮುಳುಗುತ್ತೆ.

ಅತ್ತಿಗೆ: ಅಯ್ಯೋ, ಕಾಲಲ್ಲಿ ಬಚ್ಚಲು ಮನೆ ಚಪ್ಪಲಿ! ಇದನ್ನ ಹಾಕ್ಕೊಂಡು ಸಮುದ್ರಕ್ಕೆ ಹೋಗಿದ್ದೇನೇ?

ಹೆಂಡತಿ: ಸಮುದ್ರಾನೂ ನೀರೇ ಅಲ್ವಾ ಅಕ್ಕ.

ಅತ್ತಿಗೆ: ಅದೂ ಸರಿ. ನೀವಿಬ್ಬರೂ ಫೋಟೋದಲ್ಲಿದ್ದೀರ. ಹಾಗಾದ್ರೆ ತೆಗೆದೋರು ಯಾರು?

ಗಂಡ: ಯಾರೋ ದಾರೀಲಿ ಹೋಗೋರು.

ಅತ್ತಿಗೆ: ಅದಕ್ಕೇ ಮತ್ತೆ! ತೆಗೆಯೋಕೆ ಬರದೋರ ಕೈಗೆ ಕೊಟ್ರೆ ಹೀಗೇ ಆಗೋದು. ಮುಖಕ್ಕೆ ಸುಣ್ಣ ಬಳಿದ ಹಾಗಿದೆ ಬೆಳಕು.

ಗಂಡ (ಸೆಟೆದು ಕೂತು): ಸುಣ್ಣಾನಾ? ಅತ್ತಿಗೆ, ಎಡಗಡೆ ದೊಡ್ಡ ದೀಪ ಇಟ್ಟು, ಬಲಗಡೆ ಬೆಳಕು ಹರಡೋಕೆ ಛತ್ರಿ ನಿಲ್ಲಿಸಿ...

ಹೆಂಡತಿ: ಛತ್ರಿ! ಹೌದು ಅಕ್ಕ, ಆ ದಾರಿಹೋಕರು ಬಿಸಿಲು ಅಂತ ಛತ್ರಿ ಹಿಡ್ಕೊಂಡು ಬಂದಿದ್ರು. ನೀವು ನೀರು ಕುಡೀರಿ. ಕುಡೀರಿ ಅಂದೆ.

ಗಂಡ ನೀರು ಕುಡಿದ. ಆದರೆ ಕಸುಬಿನ ಅಭಿಮಾನ ನೀರಿಗೆಲ್ಲ ಆರುವಂಥದ್ದಲ್ಲ.

ಗಂಡ: ದಾರಿಹೋಕನೇ ಇರಬಹುದು ಅತ್ತಿಗೆ. ಆದ್ರೆ ಕೈಪಳಗಿದೋನು. ಆ ಮೂಗಿನ ನೆರಳು ನೋಡಿ. ಅಂಥ ನೆರಳು ತರೋಕೆ ಹತ್ತು ವರ್ಷ ಬೇಕು.

ಅತ್ತಿಗೆ: ಅಷ್ಟು ಹೊಗಳ್ತೀಯಲ್ಲ, ನಿನ್ನ ಸ್ಟುಡಿಯೋಗೆ ಅವನನ್ನೇ ಕೆಲಸಕ್ಕೆ ಇಟ್ಕೋಬಾರದಿತ್ತಾ? ನಾಲ್ಕು ಗಿರಾಕಿಯಾದ್ರೂ ಜಾಸ್ತಿ ಬರ್ತಿದ್ರು.

ಗಂಡನ ಮುಖ ಹೇಗಾಯಿತೆಂದು ನಾನು ಹೇಳುವುದು ಬೇಡ. ತನ್ನನ್ನೇ ತೋರಿಸಿ ತನಗೇ ಬೈದರೆ ಯಾರಿಗಾದರೂ ಹಾಗೇ ಆಗುತ್ತದೆ. ಅಷ್ಟರಲ್ಲಿ ಕಿಟಕಿಯ ಪಕ್ಕ ಪೇಪರ್ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದವರೊಬ್ಬರು ಆಕಳಿಸುತ್ತ ಎದ್ದು ಕೂತರು.

ಅತ್ತಿಗೆ: ಸ್ವಾಮಿ, ನಿಮ್ಮದು ಯಾವೂರು?

ಕಿಟಕಿಯವರು: ಈ ರೈಲು ಹೋಗ್ತಿರೋ ಊರೇ ತಾಯಿ. ಹುಟ್ಟಿದ್ದೂ ಅಲ್ಲೇ, ಬೆಳೆದದ್ದೂ ಅಲ್ಲೇ.

ಗಂಡ ಹೆಂಡತಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಮದುವೆಯಾದ ಹೊಸದರಲ್ಲೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಅತ್ತಿಗೆ: ಹಾಗಾದ್ರೆ ನೀವೇ ಹೇಳಿ. ನಿಮ್ಮೂರ ಸಮುದ್ರ ಹೀಗೇ ಇರುತ್ತಾ?

ಅವರು ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

ಕಿಟಕಿಯವರು: ಇದೇ. ಥೇಟ್ ಇದೇ.

ಅತ್ತಿಗೆ: ಈ ಗೆರೆ?

ಕಿಟಕಿಯವರು: ಮುಂಚಿನಿಂದಲೂ ಇದೆಯಲ್ಲ ಅದು. ನಮ್ಮಪ್ಪನೂ ಹೇಳ್ತಿದ್ರು.

ಗಂಡ (ಹೆಂಡತಿಯ ಕಿವಿಯಲ್ಲಿ): ಲೇ, ನಿಜವಾಗ್ಲೂ ಇದೆಯೇನೇ?

ಅತ್ತಿಗೆ: ನಿಮ್ಮ ಮನೆ ಸಮುದ್ರದ ಹತ್ತಿರಾನಾ?

ಕಿಟಕಿಯವರು: ಹತ್ತಿರಾನೇ. ಬಸ್ಸಲ್ಲಿ ಹೋದ್ರೆ ಸ್ವಲ್ಪ ಹೊತ್ತು ಅಂತಾರೆ.

ಅತ್ತಿಗೆ: ಅಂತಾರೆ? ನೀವು ಹೋಗಿಲ್ವಾ?

ಕಿಟಕಿಯವರು: ಬಿಡುವೆಲ್ಲಿ ತಾಯಿ? ಬೆಳಗಾದ್ರೆ ಕೆಲಸ, ಸಂಜೆ ಮನೆ, ಭಾನುವಾರ ನಿದ್ದೆ. ಸಮುದ್ರ ಎಲ್ಲಿ ಓಡಿಹೋಗುತ್ತೆ, ರಿಟೈರ್ ಆದ್ಮೇಲೆ ನೋಡಿದ್ರಾಯ್ತು ಅಂತ ಬಿಟ್ಟಿದ್ದೀನಿ. ರಜ ಸಿಕ್ಕಿದ್ರೆ ನೀವು ನಿನ್ನೆ ರೈಲು ಹತ್ತಿದ್ರಲ್ಲ, ಆ ನಿಮ್ಮೂರ ಕಡೆ ಬಂದುಬಿಡ್ತೀವಿ. ಆಹಾ, ಏನು ಊರು ರೀ ನಿಮ್ಮದು! ಆ ಕೆರೆ ಏರಿ ಮೇಲೆ ಸಂಜೆ ಹೊತ್ತು ಕೂತ್ರೆ ಸಾಕು.

ಗಂಡ: ನಮ್ಮೂರಲ್ಲಿ ಕೆರೆ ಇದೆಯಾ?

ಕಿಟಕಿಯವರು ಇವನನ್ನು ಮರುಕದಿಂದ ನೋಡಿ, ಪೇಪರ್ ಮತ್ತೆ ಮುಖಕ್ಕೆಳೆದುಕೊಂಡರು. ಅತ್ತಿಗೆ ಸುಮ್ಮನಾಗುವ ಪೈಕಿ ಅಲ್ಲ.

ಅತ್ತಿಗೆ: ಸರಿ, ಸ್ಟೇಷನ್ನಿಂದ ಆಚೆ ಬಂದ ತಕ್ಷಣ ಯಾವ ಕಡೆ ಹೋಗಬೇಕು?

ಹೆಂಡತಿ: ಎಡಕ್ಕೆ.

ಗಂಡ: ಬಲಕ್ಕೆ.

ಅತ್ತಿಗೆ: ನೀವಿಬ್ಬರೂ ಒಟ್ಟಿಗೇ ಹೋಗಿದ್ದು ತಾನೇ?

ಹೆಂಡತಿ: ಇವರಿಗೆ ದಿಕ್ಕು ತಪ್ಪುತ್ತೆ ಅಕ್ಕ. ನಮ್ಮ ಮನೇಲೇ ಅಡುಗೆಮನೆ ಯಾವ ಕಡೆ ಅಂತ ಇವರಿಗೆ ಇವತ್ತಿಗೂ ಗೊತ್ತಿಲ್ಲ.

ಗಂಡ: ಅಡುಗೆ ಆ ಥರ ಇದ್ರೆ ಗೊತ್ತಿಲ್ಲದೇ ಇರೋದೇ ವಾಸಿ.

ಅತ್ತಿಗೆ: ಕಿತ್ತಾಡಬೇಡಿ. ನಾನೂ ನೋಡ್ತಾನೇ ಇದ್ದೀನಿ, ನಿನ್ನೆಯಿಂದ ಒಂದು ಕೇಳಿದ್ರೆ ಒಂದು ಹೇಳ್ತೀರ. ನನಗೆ ಹೇಳಿಕೊಡೋಕೆ ಮನಸ್ಸಿಲ್ಲ ಅನ್ನು. ನೀವು ಆ ಊರಲ್ಲಿ ಮಜಾ ಮಾಡ್ತಿದ್ದಾಗ ನಿಮ್ಮ ಮೆಟ್ಟಿಲ ಮೇಲಿನ ಗುಲಾಬಿ ಕುಂಡಕ್ಕೆ ದಿನಾ ನೀರು ಹಾಕ್ದೋಳು ನಾನು. ಬರ್ತಾ ನನಗೊಂದು ಕರ್ಚೀಫೂ ತರಲಿಲ್ಲ ನೀನು.

ಹೆಂಡತಿ: ಮರೆತುಹೋಯ್ತು ಅಕ್ಕ.

ಅತ್ತಿಗೆ: ಮರೀತೀಯ ಬಿಡು. ಆದ್ರೂ ನಾನು ಹಾಗಲ್ಲ. ಇವತ್ತಿನವರೆಗೆ ಯಾರ ಹತ್ರಾನೂ ನಿನ್ನ ಬಗ್ಗೆ ಒಂದೇ ಒಂದು ಮಾತು ಎತ್ತಿದೋಳಲ್ಲ.

ಹೆಂಡತಿಯ ಮೂಗಿನ ಹೊಳ್ಳೆ ಅರಳಿತು. ಇದರ ಅರ್ಥ ಬಲ್ಲ ಗಂಡ ಸೀಟಿನ ಕೆಳಗೆ ಅವಳ ಕಾಲು ತುಳಿದ.

ಹೆಂಡತಿ: ಕಾಲು ತುಳೀಬೇಡಿ ರೀ! ಎತ್ತಿಲ್ವಾ ಅಕ್ಕ? ಒಂದು ಮಾತೂ ಎತ್ತಿಲ್ವಾ? "ಇವಳು ಬಂದ ಮೇಲೆ ನಮ್ಮ ಹುಡುಗ ನಗೋದೇ ಮರೆತ, ಇವಳ ಕೈ ಅಡುಗೆ ತಿಂದು ಕಡ್ಡಿ ಆದ, ಜಂಬದ ಕೋಳಿ, ಬಾಯಿಬಡುಕಿ" ಅಂತ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಆ ಗುಲಾಬಿ ಗಿಡಕ್ಕೆ ಹೇಳಿದೋರು ಯಾರು? ದಿನಾ ಬೆಳಗ್ಗೆ! ಒಂದೊಂದು ಅಕ್ಷರಾನೂ ಕೇಳಿಸ್ಕೊಂಡಿದ್ದೀನಿ ನಾನು, ಬಾಗಿಲ ಹಿಂದೆ ನಿಂತು...

ಅತ್ತಿಗೆ ಟವೆಲ್ಲನ್ನು ನಿಧಾನವಾಗಿ ಮಡಚಿದರು.

ಅತ್ತಿಗೆ: ಬಾಗಿಲ ಹಿಂದೆ?

ಗಂಡ: ಗಿಡ ಹೇಳಿರಬಹುದು ಅತ್ತಿಗೆ.

ಹೆಂಡತಿ: ಸುಮ್ನಿರಿ ನೀವು. (ಕಣ್ಣಲ್ಲಿ ನೀರು ತುಂಬಿಕೊಂಡು) ಹೌದು ಅಕ್ಕ. ನಾವು ಎಲ್ಲಿಗೂ ಹೋಗಿರಲಿಲ್ಲ. ಎಲ್ಲರೂ ಹೋಗಿ ಬಂದು "ನೀವೆಲ್ಲೂ ಹೋಗಲಿಲ್ವಾ, ಅಯ್ಯೋ ಪಾಪ" ಅನ್ನೋರು. ಬೈಗುಳ ಬೇಕಾದ್ರೆ ತಡ್ಕೋತೀನಿ, ಆ ಅಯ್ಯೋ ಪಾಪ ನನಗೆ ತಡ್ಕೊಳ್ಳೋಕೆ ಆಗಲಿಲ್ಲ. ಸಾಕಲ್ಲ? ಹೇಳ್ಕೊಳ್ಳಿ ಇನ್ನು ಎಲ್ಲರ ಹತ್ರಾನೂ.

ಅತ್ತಿಗೆ: ಹೇಳೋದಾಗಿದ್ರೆ ಆಗಲೇ ಹೇಳ್ತಿದ್ದೆ. ನನಗೆ ಮೊದಲನೇ ದಿನವೇ ಗೊತ್ತಾಯ್ತಲ್ಲೇ. ಒಳಗಿಂದ ನಿನ್ನ ಗಂಡ ಸೀನಿದ. ಇವನ ಸೀನು ಈ ರೈಲಿನ ಕೂಗಿಗಿಂತ ಕಡಿಮೇನಾ?

ಗಂಡ: ದಿಂಬು ಒತ್ತಿಹಿಡ್ಕೊಂಡೇ ಸೀನಿದ್ದೆ ಅತ್ತಿಗೆ.

ಹೆಂಡತಿ: ಹಾಗಾದ್ರೆ ಗಿಡಕ್ಕೆ ಹೇಳಿದ್ದೆಲ್ಲ...

ಅತ್ತಿಗೆ: ಗಿಡಕ್ಕೆ ಯಾರಾದ್ರೂ ಹೇಳ್ತಾರೇನೇ, ನನಗೇನು ತಲೆ ಕೆಟ್ಟಿದೆಯಾ? ನಿನಗೇ ಹೇಳಿದ್ದು. ಬೇರೆ ದಿನ ನಾನು ಒಂದು ಅಂದ್ರೆ ನೀನು ಹತ್ತು ಅಂತೀಯ. ಆ ರಜೆಯಲ್ಲಿ ಮಾತ್ರ ನಾನು ಹತ್ತು ಅಂದ್ರೂ ನಿನ್ನ ಕಡೆಯಿಂದ ಉಸಿರಿಲ್ಲ. ನಿಜ ಹೇಳ್ತೀನಿ ಕೇಳು, ಆ ವರ್ಷ ನಮ್ಮ ನೆಂಟರಲ್ಲಿ ಸುಖವಾಗಿ ರಜ ಕಳೆದೋಳು ಅಂದ್ರೆ ನಾನೊಬ್ಬಳೇ.

ಹೆಂಡತಿಗೆ ಅಳಬೇಕೋ ಜಗಳಕ್ಕೆ ನಿಲ್ಲಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಹೆಂಡತಿ: ಎಲ್ಲಾ ಗೊತ್ತಿದ್ದೂ ನಮ್ಮ ಬೆನ್ನು ಹತ್ತಿ ಬಂದ್ರಲ್ಲ! ನನ್ನ ಮಾನ ಹರಾಜು ಹಾಕೋಕಾ?

ಅತ್ತಿಗೆ: ನಿನ್ನ ಮಾನ ಕಳೆಯೋಕೆ ಇಷ್ಟು ದೂರ ಯಾಕೆ ಬರಲಿ, ಮನೇಲಿದ್ದೇ ಕಳೀತಿದ್ದೆ. ನೋಡು, ನಿಮ್ಮ ಭಾವ ಈ ಊರಿಗೆ ಕೆಲಸದ ಮೇಲೆ ಹತ್ತು ಸಲ ಬಂದಿದ್ದಾರೆ. ಅವರ ಜೊತೆ ಎಲ್ಲಿಗೆ ಹೋದ್ರೂ ಒಂದೇ ರಾಗ. "ಬಾಯಿ ಮುಚ್ಚು, ಹಾಗೆ ಪಿಳಿಪಿಳಿ ನೋಡಬೇಡ, ಏನೂ ಕಾಣದೋಳು ಅಂದ್ಕೋತಾರೆ." ನಾನು ಏನೂ ಕಾಣದೋಳೇ ಕಣೇ. ಒಂದು ಸಲ ಬಾಯಿ ಬಿಟ್ಕೊಂಡು ಎಲ್ಲಾ ನೋಡಬೇಕು ಅಂತ ನನಗೆ ಆಸೆ. ಅದಕ್ಕೆ ನನ್ನ ಥರಾನೇ ನೋಡದೇ ಇರೋರು ಬೇಕು. ನಮ್ಮ ನೆಂಟರಲ್ಲಿ ಅಂಥೋರು ನೀವಿಬ್ಬರೇ ಅಂತ ನನಗೆ ಖಾತ್ರಿ ಇತ್ತು.

ಹೆಂಡತಿ ತಿಂಡಿ ಡಬ್ಬಿ ತೆಗೆದು ಮೊದಲು ಅತ್ತಿಗೆಯ ಮುಂದೆ ಹಿಡಿದಳು. ಅತ್ತಿಗೆ ಒಂದು ತುತ್ತು ತಿಂದು, "ಉಪ್ಪು ಜಾಸ್ತಿ" ಎಂದು, ಇನ್ನೊಂದು ತುತ್ತಿಗೆ ಕೈ ಹಾಕಿದರು.

ಮಧ್ಯಾಹ್ನಕ್ಕೆ ಊರು ಬಂತು. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರಿಗೂ ಎಲ್ಲಿಗೋ ಅವಸರ. ಇವರು ಮೂವರು ಮಾತ್ರ ಸಾಮಾನಿನ ಮಧ್ಯೆ ನಿಂತು ಕತ್ತೆತ್ತಿ ಮೇಲಿನ ಛಾವಣಿ ನೋಡುತ್ತಿದ್ದರು. ಅಷ್ಟರಲ್ಲಿ ಅತ್ತಿಗೆಯ ಫೋನು ಬಡಿದುಕೊಂಡಿತು, ಊರಿನಿಂದ ನೆಂಟರು. ಹೆಂಡತಿ ಅತ್ತಿಗೆಯ ಸೆರಗು ಹಿಡಿದುಕೊಂಡಳು.

ಅತ್ತಿಗೆ (ಫೋನಿನಲ್ಲಿ): ಹ್ಞೂ, ಬಂದ್ವಿ. ಯಾರ್ಯಾರು ಇದ್ದಾರೆ ಅಲ್ಲಿ? ಎಲ್ಲರೂ ಕೂತಿದ್ದಾರಾ? ಜೋರಾಗಿ ಕೇಳೋ ಹಾಗೆ ಹಾಕಿ, ಎಲ್ಲರಿಗೂ ಹೇಳ್ತೀನಿ. ಕೇಳಿಸ್ತಾ? ಇವಳಿಗೆ ಈ ಊರು ಬಾಯಿಪಾಠ ಕಣ್ರೀ! ಯಾರನ್ನೂ ಒಂದು ಮಾತು ಕೇಳೋದಿಲ್ಲ, ಮುಂದೆ ಮುಂದೆ ನಡೀತಿದ್ದಾಳೆ. ನಾವಿಬ್ಬರು ಹಿಂದೆ ಏದುಸಿರು ಬಿಟ್ಕೊಂಡು ಓಡ್ತಾ ಇದ್ದೀವಿ. ಇಡ್ತೀನಿ, ಅವಳು ತಪ್ಪಿಸ್ಕೊಂಡ್ರೆ ನಮಗೆ ಗತಿಯಿಲ್ಲ.

ಫೋನು ಚೀಲಕ್ಕೆ ಹೋಯಿತು. ಹೆಂಡತಿ ಕಣ್ಣೊರೆಸಿಕೊಂಡಳು. ಎಲ್ಲಕ್ಕಿಂತ ಭಾರದ ಪೆಟ್ಟಿಗೆ ಎತ್ತಿಕೊಂಡು, ಜನರನ್ನು ಸೀಳಿಕೊಂಡು ಬಿರಬಿರನೆ ನಡೆದೇಬಿಟ್ಟಳು.

ಗಂಡ: ಲೇ, ನಿಲ್ಲೇ! ಎಲ್ಲಿಗೆ ಹೋಗ್ತಿದ್ದೀಯ? ದಾರಿ ಗೊತ್ತೇನೇ ನಿನಗೆ?

ಹೆಂಡತಿ: ಗೊತ್ತಿಲ್ಲ.

ಗಂಡ: ಮತ್ತೆ ಯಾಕೆ ಹೀಗೆ ಓಡ್ತಿದ್ದೀಯ?

ಹೆಂಡತಿ: ಅಕ್ಕ ಅಷ್ಟು ಜನರ ಮುಂದೆ ಹೇಳಿದ್ದಾರೆ. ನಮ್ಮ ಮನೆತನದಲ್ಲಿ ಒಂದು ಸುಳ್ಳಾದ್ರೂ ನಿಜ ಆಗ್ಲಿ. ಏದುಸಿರು ಬಿಟ್ಕೊಂಡು ಹಿಂದೆ ಬನ್ನಿ ನೀವು!