ಟವೆಲ್ಲಿನ ಕೆಳಗಿನ ವ್ಯಾಪಾರ

ಟೆಲಿಫೋನು ಕಂಡುಹಿಡಿದವನು ಜನ್ಮದಲ್ಲಿ ಒಂದು ಎತ್ತನ್ನೂ ಮಾರಿದವನಲ್ಲ ಎಂದು ನಮ್ಮ ಕಾಕಾ ಖಾತ್ರಿಯಿಂದ ಹೇಳುತ್ತಿದ್ದ. ಮಾರಿದ್ದರೆ ಅದಕ್ಕೊಂದು ಕೈ ಇಡುತ್ತಿದ್ದನಂತೆ.

ಕಾಕಾ ಚಿಕ್ಕೋಡಿ ದನದ ಪೇಟೆಯ ದಲಾಲ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ವ್ಯವಹಾರ ಕುದುರಿಸುವುದು ಅವನ ಕಸುಬು. ಆ ಪೇಟೆಯಲ್ಲಿ ದರವನ್ನು ಬಾಯಿಂದ ಆಡುವ ಪದ್ಧತಿಯೇ ಇಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ಲು ಹಾಸಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳಬೇಕು. ಇಡೀ ಬೆರಳಿಗೊಂದು ಲೆಕ್ಕ, ಅರ್ಧ ಬೆರಳಿಗೊಂದು ಲೆಕ್ಕ. ಸುತ್ತ ನಿಂತ ಜನಕ್ಕೆ ಕಾಣುವುದು ಮುಖ ಮಾತ್ರ. ನಮ್ಮ ಕಾಕಾನ ಮುಖವೋ, ಕೈಯಲ್ಲಿ ಯುದ್ಧ ನಡೆದಿದ್ದರೂ ಮಠದಲ್ಲಿ ಭಜನೆ ಕೇಳುತ್ತ ಕೂತವನ ಹಾಗೆ ತಣ್ಣಗಿರುತ್ತಿತ್ತು.

ಇಂಥವನ ಅಣ್ಣನ ಮಗನಾದ ನಾನು ಮಾಡಿದ್ದೇನು ಗೊತ್ತೇ? ಬಸ್ ಸ್ಟ್ಯಾಂಡಿನಲ್ಲಿ ಬಾಚಣಿಗೆ, ಕರವಸ್ತ್ರ ಮಾರಿ ಮಾರಿ ಕೂಡಿಸಿದ ದುಡ್ಡಿನಲ್ಲಿ, ತೊಂಬತ್ತನೇ ಇಸವಿಯ ಆಸುಪಾಸಿಗೆ, ಪೇಟೆಯ ಎದುರಿಗೇ ಒಂದು ಎಸ್‌ಟಿಡಿ ಬೂತ್ ತೆರೆದೆ. ಗಾಜಿನ ಗೂಡು, ಒಳಗೆ ಫೋನು, ಹೊರಗೆ ನನ್ನ ಮೇಜಿನ ಮೇಲೆ ಕೆಂಪು ಅಂಕಿ ಓಡುವ ಮೀಟರು. ಅಂಗಡಿ ಹಾಕುವವರಿಗೆ ನಾನು ಹೇಳುವುದಿಷ್ಟೇ: ಜನ ಎಲ್ಲಿ ಚೌಕಾಸಿ ಮಾಡುತ್ತಾರೋ ಅಲ್ಲಿ ಹಾಕಿರಿ, ಆದರೆ ಚೌಕಾಸಿ ನಡೆಯದ ಸಾಮಾನು ಮಾರಿರಿ. ಮೀಟರಿನ ಜೊತೆ ಯಾರು ಜಗ್ಗಾಡುತ್ತಾರೆ?

ಕೊಲ್ಲಾಪುರ ಕಡೆಯ ಸಾಹುಕಾರರು ಮೊದಲು ಪೇಟೆಗೆ ಬಂದು ಕಾಕಾನ ಕೈ ಹಿಡಿಯುತ್ತಿದ್ದರು. ಈಗ ಅವರು ಮನೆಯಲ್ಲೇ ಕೂತರು. ರೈತರೇ ನನ್ನ ಬೂತಿನಿಂದ ಫೋನು ಹಚ್ಚುವುದು, ಅವರು ದರ ಹೇಳುವುದು, ಟೆಂಪೋ ಕಳಿಸುವುದು. ಒಂದು ದಿನ ಸಂತೆಯ ಭರಾಟೆಯ ನಡುವೆಯೇ ಕಾಕಾ ಬಂದು ನನ್ನ ಕುರ್ಚಿಯಲ್ಲಿ ಕೂತ.

"ಯಾಕ ಕಾಕಾ, ಪ್ಯಾಟಿ ಬಿಟ್ಟ ಬಂದಿ?"

"ಪ್ಯಾಟಿ ನಿನ್ನ ಅಂಗಡಿಗೆ ಬಂದೈತಿ. ನಾ ಎಲ್ಲಿಗೆ ಹೋಗ್ಲಿ?"

ಸಲಹೆ ಕೊಡುವುದರಲ್ಲಿ ನಾನು ಧಾರಾಳಿ. ನೀನೂ ಫೋನಿನ ಮೇಲೆ ದಲಾಲಿ ಮಾಡು ಎಂದೆ. ಒಬ್ಬ ಸಾಹುಕಾರನಿಗೆ ನಂಬರು ಹಚ್ಚಿ ಗೂಡಿನೊಳಗೆ ಬಿಟ್ಟೆ. ಕಾಕಾ ರಿಸೀವರನ್ನು ಕಿವಿಗೆ ಹಿಡಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಅದರ ಮೇಲೆ ಹೊದಿಸಿದ. ಕೈ ಕೆಳಗೆ ತೂರಿಸಿ, ರಿಸೀವರನ್ನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಮುಖದಲ್ಲಿ ಅದೇ ಭಜನೆಯ ಕಳೆ. ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಇತ್ತ ನನ್ನ ಮೀಟರು ಓಡಿತೇ ಓಡಿತು.

"ಎಷ್ಟ ಅಂದ್ರು ಸಾವಕಾರ್ರು?" ಎಂದು ಹೊರಬಂದವನನ್ನು ಕೇಳಿದೆ.

"ಬರೇ ಹಲೋ ಹಲೋ ಅಂದ. ಹಲೋ ಅಂದಿದ್ದಕ್ಕ ಎತ್ತ ಕೊಡಾಕ ಆಕ್ಕೈತೇನ?"

ಬಿಲ್ಲು ಮುಂದಿಟ್ಟೆ. ಕಾಕಾ ಹುಬ್ಬು ಗಂಟಿಕ್ಕಿದ. "ನಾ ಮಾತೇ ಆಡಿಲ್ಲ. ರೊಕ್ಕ ಯಾತಕ್ಕ?"

"ಹಿಡಕೊಂಡು ನಿಂತಿದ್ದಕ್ಕ ಕಾಕಾ."

"ಹಿಡಕೊಂಡಿದ್ದಕ್ಕ ರೊಕ್ಕ ಐತೆಂದ್ರ, ಈ ಪ್ಯಾಟ್ಯಾಗ ನಾ ಹಿಡದ ಕೈಗೋಳ ಲೆಕ್ಕಕ್ಕ ಇಷ್ಟೊತ್ತಿಗೆ ಒಂದು ಸಕ್ಕರಿ ಕಾರ್ಖಾನಿ ಕಟ್ಟಬೇಕಿತ್ತು."

ಮೀಟರಿನ ಜೊತೆ ಯಾರು ಜಗ್ಗಾಡುತ್ತಾರೆ ಎಂದಿದ್ದೆನಲ್ಲ, ಸಿಕ್ಕಿದ. ಅಂದು ಬಿಲ್ಲನ್ನು ನಾನೇ ನುಂಗಿಕೊಂಡೆ.

ಎರಡನೆಯ ಪ್ರಯತ್ನಕ್ಕೆ ಅವನು ಎತ್ತನ್ನೇ ಕರೆತಂದ. ಎತ್ತಿನ ವಯಸ್ಸೆಷ್ಟು ಎಂದು ಆ ಕಡೆಯಿಂದ ಕೇಳಿದರಂತೆ. ಬಾಯಿಂದ ಹೇಳಿದರೆ ಯಾರು ನಂಬುತ್ತಾರೆ? ಗೂಡಿನ ಬಾಗಿಲು ತೆರೆದು, ತಂತಿ ಹರಿಯುವ ಹಾಗೆ ಜಗ್ಗಿ, ರಿಸೀವರನ್ನು ಎತ್ತಿನ ಮೂಗಿಗೆ ಹಿಡಿದ. "ಕೇಳ್ರಿ ಸಾವಕಾರ್ರ, ಉಸರು ಕೇಳ್ರಿ. ಮುದಿ ಎತ್ತಿನ ಉಸರು ಹಿಂಗ ಇರತೈತೇನ್ರಿ?" ಎತ್ತು ಒಮ್ಮೆ ಬುಸ್ಸೆಂದು, ಆಮೇಲೆ ಪ್ರೀತಿಯಿಂದ ರಿಸೀವರನ್ನು ನೆಕ್ಕಿತು. ಏಕಸಂಬಿಯ ಮಾಸ್ತರರೊಬ್ಬರು ಮಗಳಿಗೆ ಫೋನು ಮಾಡಲು ಒಳಗೆ ಹೋದವರು ಮೂಗು ಮುಚ್ಚಿಕೊಂಡೇ ಹೊರಬಂದರು. "ಏನಪಾ, ನಿನ್ನ ಫೋನು ಕಣಕಿ ಮೇವು ತಿಂದೈತೇನ?"

ನಗುತ್ತಿದ್ದೆವು, ಖರೆ. ಆದರೆ ವರ್ಷ ತುಂಬುವುದರೊಳಗೆ ಕಾಕಾನ ಟವೆಲ್ಲಿನ ಕೆಳಗೆ ಕೈ ಚಾಚುವವರೇ ಇಲ್ಲವಾದರು. ಮನೆಯಲ್ಲಿ ಕಾಕಿ, "ಪ್ಯಾಟಿಗೆ ಹೋಗೂದು ಬರೇ ಧೂಳ ತರಾಕೇನ?" ಎಂದು ಶುರುಮಾಡಿದ್ದಳು. ನನ್ನ ಬೂತಿಗೆ ಗಿರಾಕಿ ಕರೆತಂದರೆ ಪಾಲು ಕೊಡುತ್ತೇನೆ ಎಂದೆ. ಒಳ್ಳೆಯ ಕರಾರು, ಬೇರೆಯವರಾದರೆ ಕುಣಿದಾಡುತ್ತಿದ್ದರು. ಕಾಕಾ ಟವೆಲ್ಲು ಕೊಡವಿ ಎದ್ದು ಹೋದ.

ಹೀಗಿರುವಾಗ ಅಕ್ಕೋಳದ ರೈತನೊಬ್ಬ ಖಿಲಾರಿ ಎತ್ತಿನ ಜೋಡಿಯನ್ನು ಹೊರಗೆ ಕಟ್ಟಿ ಬೂತಿಗೆ ಬಂದ. ಗೂಡಿನ ಬಾಗಿಲು ಸರಿಯಾಗಿ ಕೂಡುತ್ತಿರಲಿಲ್ಲ. ಅವನೋ ಕೊಲ್ಲಾಪುರಕ್ಕೆ ಬರೀ ಗಂಟಲಿನಿಂದಲೇ ಮುಟ್ಟಿಸುವವನ ಹಾಗೆ ಕೂಗುತ್ತಿದ್ದ.

"ಹೌದ್ರಿ ಸಾವಕಾರ್ರ, ಹೇಣ್ತಿನ್ನ ಮಿರಜ ದವಾಖಾನಿಗೆ ಹಾಕೇನ್ರಿ. ಆಪರೇಶನ್ ಮಾಡಬೇಕಂತ್ರಿ. ಇವತ್ತ ರೊಕ್ಕ ಬೇಕ್ರಿ. ಅಷ್ಟ ಕಡಿಮಿ ಯಾಕ್ರಿ? ... ಇನ್ನೂ ಇಳಸ್ತೀರೇನ್ರಿ?"

ಇಷ್ಟು ಗರಜು, ಇಷ್ಟು ಅವಸರ ತೋರಿಸಬಾರದಪ್ಪಾ ಎಂದು ನಾನು ಗಾಜಿನಾಚೆಯಿಂದ ಕೈಸನ್ನೆ ಮಾಡಿದೆ. ತಡವಾಗಿತ್ತು. ಸರದಿಯಲ್ಲಿ ನಿಂತವರೆಲ್ಲ ನೆಲ ನೋಡುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಕಾಕಾ ಎದ್ದ, ಗೂಡಿನೊಳಗೆ ಕೈ ಹಾಕಿ ಫೋನಿನ ಗುಂಡಿ ಒತ್ತಿ ಲೈನು ಕಡಿದ.

"ಏನ್ ಮಾಡಿದಿ ಕಾಕಾ?"

"ಇವನ ಕೈ ನಡಗೂದು ಅವನಿಗೆಲ್ಲಿ ಕಾಣಸ್ತೈತಿ?" ಎಂದವನೇ ರೈತನನ್ನು ಹೊರಗಿನ ಹುಣಸೆ ಮರದ ಕೆಳಗೆ ಕರೆದೊಯ್ದು ಟವೆಲ್ಲು ಹಾಸಿದ. ರೈತ ನಮಗೆ ಬೆನ್ನು ತಿರುಗಿಸಿ ನಿಂತಿದ್ದ. ಕಾಕಾನ ಮುಖ ಎಂದಿನಂತೆ. ದೂರದಿಂದ ನೋಡಿದವರಿಗೆ ಯಾರ ಗರಜು ಎಷ್ಟೆಂದು ತಿಳಿಯುವಂತಿರಲಿಲ್ಲ. ಕೊನೆಗೆ ಇಬ್ಬರೂ ಎತ್ತು ಬಿಚ್ಚಿಕೊಂಡು ಕಾಕಾನ ಮನೆಯ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ರೈತ ಓಡೋಡಿ ಬಂದು ಮಿರಜದ ಬಸ್ಸು ಹತ್ತಿದ.

ಸಂಜೆ ಹೋಗಿ ನೋಡುತ್ತೇನೆ, ಒಂದು ಹೊರಸು ಮಂಚವಷ್ಟೇ ಹಿಡಿಯುವ ಅಂಗಳದಲ್ಲಿ ಆನೆಯಂಥ ಎರಡು ಎತ್ತು! ಗೇಣು ಹೊಲವಿಲ್ಲದ ಮನುಷ್ಯ.

"ಯಾರ ತಗೊಂಡ್ರು ಕಾಕಾ?"

"ಗಿರಾಕಿ ಸಿಗಲಿಲ್ಲ. ನಾನ ತಗೊಂಡೆ."

"ಎಷ್ಟಕ್ಕ?"

"ಬಾಯಿಂದ ಹೇಳೂಹಂಗ ಇದ್ದಿದ್ರ ನಿನ್ನ ಫೋನ್ ಸಾಕಿತ್ತಲ್ಲೋ."

ಕಾಕಿ ಬುಟ್ಟಿಯಲ್ಲಿ ಹಿಂಡಿ ಕಲಸುತ್ತಿದ್ದಳು. ಬಾಗಿದಾಗ ಯಾವಾಗಲೂ ಜೋತು ಬೀಳುತ್ತಿದ್ದ ಚಿನ್ನದ ಬೋರಮಾಳ ಸರ ಅಂದು ಕೊರಳಲ್ಲಿ ಇರಲಿಲ್ಲ.

ಮಳೆಗಾಲಕ್ಕೆ ಮುಂಚೆ ಮತ್ತೊಮ್ಮೆ ಹೋದಾಗ ಅಂಗಳ ಖಾಲಿ. ಕಾಕಾ ಸೆಗಣಿ ಬಾಚುತ್ತಿದ್ದ.

"ಎತ್ತ ಎಲ್ಲಿ?"

"ಅಕ್ಕೋಳಕ್ಕ ಹೋದೂವು. ಆ ಹೆಣ್ಮಗಳು ಆರಾಮ ಆಗಿ ಮನಿಗೆ ಬಂದಾಳ. ಬಿತ್ತೂ ಹೊತ್ತು ಬಂತಲ್ಲ, ಹೊಡಕೊಂಡ ಹೋಗಂದೆ. ಸುಗ್ಗ್ಯಾಗ ತಿಳದಷ್ಟು ಕೊಡ್ತಾನ."

"ಹಂಗ ಕೊಡೂದಾ? ಒಂದು ದರ ಹಚ್ಚಿ ಮಾರಬೇಕಿಲ್ಲೇನ ಕಾಕಾ?"

ಕಾಕಾ ಸೊಂಟ ನೆಟ್ಟಗೆ ಮಾಡಿ, ಕೈ ಒರೆಸಿಕೊಂಡು, ನನ್ನನ್ನು ಮರುಕದಿಂದ ನೋಡಿದ.

"ಮಾರಬೇಕಂದ್ರ ನಡುವ ಒಬ್ಬ ದಲಾಲ ಬೇಕಲ್ಲೋ ತಮ್ಮಾ. ಈಗ ಪ್ಯಾಟ್ಯಾಗ ಅಂಥಾವ್ರು ಯಾರ ಉಳದಾರ?"