ತೌಡು ಸುನ್ನ

ಜಯರಾಮಪ್ಪನಿಗೆ ಕೇಡುಗಾಲ ಬಂದದ್ದು ಅತಿಪ್ರೀತಿಯಿಂದ. ಅತ್ತೆ ಅಕ್ಕಯ್ಯಮ್ಮ ಕೊಟ್ಟ ಹೆಣ್ಣುಗರುವಿಗೆ ಆತ ಮೂರು ಹೊತ್ತೂ ಬುಟ್ಟಿ ತುಂಬ ತೌಡು ಸುರಿದ. ಕರುವಿನ ಹೊಟ್ಟೆ ಗುಡಾಣವಾಯಿತು, ಕಾಲು ಮಾತ್ರ ಬಿಲ್ಲಿನಂತೆ ಬಾಗಿದವು. "ಕರಾ ಕೆಟ್ರೆ ವಾಪಸ್ ಒಡ್ಕೊಂಡೋಗ್ತೀನಿ" ಎಂದು ಅತ್ತೆ ಕೊಡುವಾಗಲೇ ಹೇಳಿದ್ದಳು. ಇವತ್ತು ಬೇತಮಂಗಲದ ಮಧ್ಯಾಹ್ನದ ಬಸ್ಸಿಗೆ ಆಕೆಯೇ ಬರುವವಳಿದ್ದಳು. ಆ ಕರುವೆಂದರೆ ಜಯರಾಮಪ್ಪನಿಗೆ ಪ್ರಾಣ. ಹೆಂಡತಿ ಮುನಿರತ್ನಮ್ಮನಿಗಿಂತ ಒಂದು ತೂಕ ಹೆಚ್ಚೇ ಎಂದು ಊರವರ ಅಂಬೋಣ.

ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ದನದ ಡಾಕ್ಟರನ್ನು ಅಡ್ಡಗಟ್ಟಿ ಕರು ತೋರಿಸಿದ. ಡಾಕ್ಟರು ಕುಪ್ಪಂ ಕಡೆಯವರು, ಕನ್ನಡ ತೆಲುಗು ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸಿ ಮಾತಾಡುವವರು. ಕಾಲು ಒತ್ತಿ ನೋಡಿ, "ಮೂಳೆ ರೋಗ. ಇವತ್ತಿಂದ ತೌಡು ಸುನ್ನ! ಬರ್ತಾ ಮತ್ತೆ ನೋಡ್ತೀನಿ" ಎಂದವರೇ ಪೆಡಲು ತುಳಿದರು.

"ತೌಡೂ ಸುಣ್ಣಾನೂ ಅಂತೆ. ತಿನ್ಸೋದಾ, ಅಚ್ಚೋದಾ?" ಜಯರಾಮಪ್ಪ ತಲೆ ಕೆರೆದುಕೊಂಡ.

ಪಕ್ಕದ ಮನೆಯ ಕುಪ್ಪುಸ್ವಾಮಿಗೆ ಇಂಥ ಪ್ರಶ್ನೆಯೆಂದರೆ ಹಬ್ಬ. ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದ ವರ್ಷ ಅಲ್ಲಿನ ಕೆಲಸ ಬಿಟ್ಟು ಬಂದವನು, ಅಂದಿನಿಂದ ಊರಿಗೆಲ್ಲ ಬುದ್ಧಿ ಹೇಳುವುದೇ ಅವನ ಕೆಲಸ. "ಅಯ್ಯೋ ತಂಬಿ! ಗಣೀಲಿ ನನ್ನ ಕಾಲು ಮುರಿದಾಗ ಆಸ್ಪತ್ರೇಲಿ ಏನು ಕಟ್ಟಿದ್ರು? ಬೆಳ್ಳಗೆ, ಸುಣ್ಣದಂಗೆ ಗಟ್ಟಿಕಟ್ಟು! ಸುಣ್ಣ ಮೂಳೆಗೆ, ತೌಡು ಅಂಟಿಗೆ. ಕಲಸು!"

ಗೋಡೆಗೆ ಬಳಿದು ಉಳಿದಿದ್ದ ಸುಣ್ಣಕ್ಕೆ ತೌಡು ಹಾಕಿ ಮುದ್ದೆಯಂತೆ ತಿರುವಿದರು. ಬಿದಿರ ದಬ್ಬೆ ಇಟ್ಟು, ನಾಲ್ಕು ಕಾಲಿಗೂ ಮೆತ್ತಿ, ಮುನಿರತ್ನಮ್ಮನ ಹಳೇ ಸೀರೆ ಹರಿದು ಸುತ್ತಿದರು.

"ಅದೇನು ಕರಾನಾ, ಗೋಡೇನಾ?" ಎಂದಳು ಆಕೆ.

"ಸುಮ್ಕಿರು. ನಿಮ್ಮಮ್ಮ ಬರೋ ಒತ್ಗೆ ಕಾಲು ನೆಟ್ಟಗಿರ್ಬೇಕು."

ಕಾಲೇನೋ ನೆಟ್ಟಗಾದವು, ಮಡಿಸಲು ಮಾತ್ರ ಬಾರದು. ಅಷ್ಟರಲ್ಲಿ ಬೀದಿಯ ಮೇಕೆಗಳಿಗೆ ತೌಡಿನ ವಾಸನೆ ಹತ್ತಿತು. ಒಂದು ಬಂದು ಕಾಲು ನೆಕ್ಕಿತು, ಹಿಂದೆಯೇ ಹತ್ತು ಬಂದವು. ಕರು ಬೆದರಿ ಹಗ್ಗ ಕಿತ್ತು, ಮರಗಾಲಿನ ವೇಷದವನಂತೆ ಟಕಟಕ ಕುಪ್ಪಳಿಸುತ್ತ ಬಸ್ ನಿಲ್ಲುವ ಆಲದ ಮರದ ಕಡೆ ಓಡಿತು. ಅದರ ಹಿಂದೆ ಮೇಕೆಗಳು, ಅವುಗಳ ಹಿಂದೆ ಪಂಚೆ ಎತ್ತಿ ಹಿಡಿದ ಜಯರಾಮಪ್ಪ, ಕೊನೆಗೆ "ಬಲಗಡೆ ತಿರುಗಿಸು!" ಎಂದು ಕೂಗುತ್ತ ಕುಪ್ಪುಸ್ವಾಮಿ.

ಮರದಡಿ ಬಸ್ಸಿಳಿದು ನಿಂತಿದ್ದಳು ಅಕ್ಕಯ್ಯಮ್ಮ. ಅದೇ ಗಳಿಗೆಗೆ ಹಿಂದಿರುಗುತ್ತಿದ್ದ ಡಾಕ್ಟರ ಸೈಕಲ್ಲಿಗೆ ಕರು ಢಿಕ್ಕಿ ಹೊಡೆಯಿತು. ಡಾಕ್ಟರು ಮೇಕೆಗಳ ಮೇಲೆ ಬಿದ್ದರು.

"ಇದೇನಯ್ಯಾ ಇದು?"

"ನೀವೇ ಏಳಿದ್ರಲ್ಲಾ ಸಾಮಿ, ತೌಡು, ಸುಣ್ಣ!"

"ಸುನ್ನ ಅಂದ್ರೆ ಸೊನ್ನೆ ಕಣಯ್ಯಾ! ತೌಡು ನಿಲ್ಲಿಸು ಅಂದೆ! ತೌಡಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ಕಮ್ಮಿ. ಎರಡೂ ಸರಿತೂಗಿದ್ರೇ ಮೂಳೆ ಬೆಳೆಯೋದು. ರಂಜಕ ಮೀರಿದ್ರೆ ಬೇರೆ ಮೇವಿನ ಸುಣ್ಣಾನೂ ಮೈಗೆ ಹತ್ತದೆ ಸೆಗಣೀಲಿ ಹೋಗ್ತದೆ. ಮೊದಲು ಇದನ್ನ ತೊಳೆದು, ಅಗಸೆ ಸೊಪ್ಪು ಹಾಕು!"

ಅಕ್ಕಯ್ಯಮ್ಮ ಕಟ್ಟು ಬಿಚ್ಚಿಸಿದಳು, ಹಿಂದೆಯೇ ಓಡಿ ಬಂದಿದ್ದ ಮಗಳಿಂದ ನೀರು ತರಿಸಿ ಕಾಲು ತೊಳೆಸಿದಳು, ಬಾಗಿದ ಮೂಳೆ ಸವರಿದಳು. ಜಯರಾಮಪ್ಪನಿಗೆ ಅಳುವೇ ಬಂತು. "ತಪ್ಪಾಯ್ತು ಅತ್ತೆಮ್ಮಾ, ಒಡ್ಕೊಂಡೋಗ್ಬ್ಯಾಡಿ. ಅದಿಲ್ದೆ ಇರಾಕಾಗಲ್ಲ ನಂಗೆ."

"ನೆಟ್ಟಗಾಗಾಕೆ ಎಷ್ಟು ದಿನ ಡಾಕ್ಟ್ರೇ?" ಎಂದಳು ಅಕ್ಕಯ್ಯಮ್ಮ.

"ಸರಿಯಾಗಿ ಮೇವು ಹಾಕಿದ್ರೆ ಆರು ತಿಂಗಳು. ಈ ಕಾಲಲ್ಲಿ ದೂರ ನಡೆಸಬಾರದು."

"ಅಂಗಾದ್ರೆ ಇಲ್ಲೇ ಇರ್ಲಿ."

ಜಯರಾಮಪ್ಪ ಆನಂದದಿಂದ ಅತ್ತೆಯ ಕಾಲಿಗೆ ಬಿದ್ದ.

"ಏಳಪ್ಪಾ" ಎಂದಳು ಅಕ್ಕಯ್ಯಮ್ಮ. "ನೀನು ಏನು ತಿನ್ನಿಸ್ತೀಯೋ ನೋಡೋರು ಬ್ಯಾಡ್ವಾ? ಕರಾ ನೆಟ್ಟಗಾಗೋಗಂಟ ನಾನೂ ಇಲ್ಲೇ ಇರ್ತೀನಿ."

ಜಯರಾಮಪ್ಪ ತಟ್ಟನೆ ಎದ್ದು ಕರುವಿನ ಹಗ್ಗವನ್ನು ಅತ್ತೆಯ ಕೈಗಿಟ್ಟ. "ಬ್ಯಾಡ ಅತ್ತೆಮ್ಮಾ, ನಿಮ್ ಕರಾ ನಿಮ್ಗೇ ಇರ್ಲಿ. ಗಾಡಿ ಕಟ್ಟುಸ್ತೀನಿ, ಈಗ್ಲೇ ಓಗ್ಬಿಡಿ!"

ಅಕ್ಕಯ್ಯಮ್ಮ ಆಗಲೇ ಮಗಳ ಕಡೆ ತಿರುಗಿದ್ದಳು. "ಮಂಚದ ಮೇಲೆ ನಂಗೆ ಆಸು ರತ್ನಾ. ಅಳಿಯ ಕರಾ ಬಿಟ್ಟಿರಲ್ವಂತೆ, ಕೊಟ್ಟಿಗೇಲೇ ಮಲಗ್ಲಿ."