ಊದುಗೊಳವೆಯ ರೇಡಿಯೋ

ಹತ್ತಿ ಗಿರಣಿಯ ಗುಮಾಸ್ತ ಜಂಬಣ್ಣ ಆ ಘನಘೋರ ಶಪಥ ಮಾಡಿದ್ದು ಊಟದ ಗಂಗಾಳದ ಮುಂದೆ. ಅದೂ ಹೆಂಡತಿಯ ತವರಿನಲ್ಲಿ, ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ. ಶಪಥಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದು ಉಂಟೇ!

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ಯುಗಾದಿಗೆಂದು ಗಂಡಹೆಂಡತಿ ರಾಯಚೂರಿನಿಂದ ಮಾನ್ವಿಗೆ ಹೋಗಿದ್ದರು. ಮಾವ ವಿರೂಪಣ್ಣ ಶೇಂಗಾ ವ್ಯಾಪಾರದ ಸಾವುಕಾರರು. ಹೈದರಾಬಾದಿನಿಂದ ಬ್ಯಾಟರಿ ರೇಡಿಯೋ ತರಿಸಿ, ಜರಿ ಶಲ್ಯ ಹೊದಿಸಿ, ಪಡಸಾಲೆಯಲ್ಲಿ ಕೂಡಿಸಿದ್ದರು. ಊರ ಹಿರಿಯರೆಲ್ಲ ಅದರ ಮುಂದೆ ಕೈಕಟ್ಟಿ ಕೂತಿದ್ದಾಗ ಜಂಬಣ್ಣ ಅಳಿಯನ ಸಲಿಗೆಯಿಂದ ಗುಂಡಿ ತಿರುವಲು ಹೋದ.

“ಕೈ ಹಚ್ಚಬ್ಯಾಡ್ರಿ ಅಳಿಯಂದ್ರ,” ಅಂದರು ಮಾವ. “ಕೆಟ್ಟು ಕೂತರ ಯಾರು ರಿಪೇರಿ ಮಾಡ್ಯಾರು?”

ಹಿರಿಯರೆಲ್ಲ ನಕ್ಕರು. ಜಂಬಣ್ಣ ಉರಿದೆದ್ದು ಹೊರಗೆ ನಡೆದ. ಅದೇ ಉರಿಯಲ್ಲಿ ಊಟಕ್ಕೆ ಕೂತವನು ಘೋಷಿಸಿಯೇ ಬಿಟ್ಟ: “ಬ್ಯಾಟರಿ ಇಲ್ಲದ ರೇಡಿಯೋ ನನ್ನ ಕೈಯಾರೆ ಮಾಡ್ತೀನಿ. ನೀವು ನಮ್ಮನಿಗೆ ಬಂದು ಅದರಾಗ ಹಾಡು ಕೇಳೋತನಕ ನಾನೂ ನನ್ನ ಹೇಣ್ತಿನೂ ಈ ಹೊಸ್ತಿಲಾ ತುಳಿಯಾದಿಲ್ಲ.”

ತುಪ್ಪ ಬಡಿಸುತ್ತಿದ್ದ ಹೆಂಡತಿ ಶರಣಮ್ಮನ ಕೈ ಅಲ್ಲಿಗೇ ನಿಂತಿತು. ಬರುವ ತಿಂಗಳು ಅದೇ ಹೊಸ್ತಿಲೊಳಗೆ ಅವಳ ತಂಗಿಯ ಮದುವೆ. ದೇವದುರ್ಗದವರ ಮನೆಗೆ ಕೊಡುವುದೆಂದು ಗೊತ್ತುಮಾಡಿದ್ದರು. ರಾಯಚೂರು ಮುಟ್ಟುವ ತನಕ ಅವಳು ಆಡಿದ್ದು ಒಂದೇ ಮಾತು: “ಶಪಥ ನಿಮ್ಮದು. ನನ್ನನ್ಯಾಕ ಜೋಡಿಸಿದ್ರಿ?”

ಜಂಬಣ್ಣ ಊರು ಮುಟ್ಟಿದೊಡನೆ ಗುಜರಿ ಅಂಗಡಿಗೆ ಓಡಿದ. ಅಂಗಡಿಯ ಮೀರಾಹುಸೇನನ ಹತ್ತಿರ ಎಲ್ಲವೂ ಇತ್ತು! ದಂಡಿನವರು ಬಿಟ್ಟುಹೋದ ಎರಡೂ ಕಿವಿಗೆ ಹಾಕುವ ಯಂತ್ರ, ಮಿರಮಿರ ಮಿಂಚುವ ಒಂದು ಹರಳು, ಹಳೆಯ ತಂತಿ. ಕೊಳವೆಗೆ ತಂತಿ ಸುತ್ತಬೇಕು, ಎತ್ತರದಲ್ಲೊಂದು ತಂತಿ ಎಳೆಯಬೇಕು, ಇನ್ನೊಂದನ್ನು ನೆಲದೊಳಗೆ ಇಳಿಸಬೇಕು, ಆಮೇಲೆ ಹರಳನ್ನು ಸೂಜಿಯಿಂದ ಮೆಲ್ಲಗೆ ಮುಟ್ಟುತ್ತ ಹಾಡು ಹುಡುಕಬೇಕು ಎಂದು ಅವನು ವಿವರಿಸಿದ. ಜಂಬಣ್ಣ ಇವೆಲ್ಲ ತನಗೆ ಹುಟ್ಟಿದಾಗಿನಿಂದ ಗೊತ್ತು ಎಂಬಂತೆ ತಲೆಯಾಡಿಸಿದ.

ಮನೆಗೆ ಬಂದು ಕೊಳವೆ ಹುಡುಕಿದ. ಸಿಕ್ಕಿದ್ದು ಶರಣಮ್ಮ ಒಲೆ ಊದುವ ಬಿದಿರಿನ ಊದುಗೊಳವೆ. ಒಂದು ಸಂಜೆ ಕೂತು ಅದರ ಮೈತುಂಬ ತಂತಿ ಸುತ್ತಿದ. ಮರುದಿನದಿಂದ ಶರಣಮ್ಮ ಒಲೆಗೆ ಬಾಯಿಕೊಟ್ಟು ಊದಿ ಊದಿ, ಕಣ್ಣು ಮೂಗು ಒಂದೇ ಆಗಿ, ನನ್ನ ಕೊಳವಿ ಕೊಡ್ರಿ ಎಂದು ಗೋಗರೆದಳು.

“ಅದು ಈಗ ಕೊಳವಿ ಅಲ್ಲ,” ಅಂದ ಜಂಬಣ್ಣ. “ಯಂತ್ರ.”

ಮಾಳಿಗೆಯಿಂದ ಬೇವಿನ ಮರದ ತನಕ ತಂತಿ ಎಳೆದಾಯಿತು. ನೆಲಕ್ಕಿಳಿಸುವುದೇ ಕಷ್ಟ. ರಾಯಚೂರಿನ ಬೇಸಿಗೆಯ ನೆಲ. ಹಾರೆ ಹೊಡೆದರೆ ಹಾರೆಯೇ ಹಾರಿ ಬೀಳುತ್ತಿತ್ತು. ಕಡೆಗೆ ಹಿತ್ತಲಲ್ಲಿ ಮುಸುರೆ ತಿಕ್ಕುವ ಕಲ್ಲಿನ ಪಕ್ಕದಲ್ಲಿ ಮಾತ್ರ ಅದು ಇಳಿಯಿತು. ತಂತಿಯನ್ನು ಹಾರೆಗೆ ಬಿಗಿದು, ಕಿವಿಗೆ ಯಂತ್ರ ಏರಿಸಿ, ಸೂಜಿ ಹಿಡಿದು ಕೂತ. ಸಂಜೆಯಾಗಿತ್ತು, ಶರಣಮ್ಮ ದಿನದ ಹಾಗೆ ಬೂದಿ ಹಚ್ಚಿ ಗಡಗಡ ಪಾತ್ರೆ ತಿಕ್ಕುತ್ತಿದ್ದಳು. ಆ ಗದ್ದಲದ ನಡುವೆ, ಎಳೆಯಷ್ಟು ಸಣ್ಣಗೆ, ಹೈದರಾಬಾದು ಹಾಡಿತು!

ಜಂಬಣ್ಣ ಅಂಗಳದಲ್ಲಿ ಕುಣಿದ. ಮುಂದಿನ ದಿನಗಳಲ್ಲೂ ಮುಂಜಾನೆ ಮೂಕವಾಗಿರುತ್ತಿದ್ದ ರೇಡಿಯೋ ಸಂಜೆಯಾದೊಡನೆ ಹಾಡಿತು. ಇದು ಸಂಜೆಯ ರೇಡಿಯೋ ಎಂದು ಅವನು ಸಿದ್ಧಾಂತ ಕಟ್ಟಿ, ಮಾನ್ವಿಗೆ ಆಮಂತ್ರಣ ಕಳಿಸಿದ.

ಮಾವ ಬಂದರು, ಉಂಡರು, ಸಂಜೆಗೆ ಅಂಗಳದಲ್ಲಿ ಕೂತರು. ಜಂಬಣ್ಣ ಹೆಂಡತಿಗೆ ಕಟ್ಟಪ್ಪಣೆ ಮಾಡಿದ: “ಇವತ್ತು ಮುಸುರಿ ಮುಟ್ಟಬ್ಯಾಡ. ಆ ಗದ್ದಲದಾಗ ನಿಮ್ಮಪ್ಪಗ ಹಾಡು ಕೇಳಾದಿಲ್ಲ.” ಬೀಗರೂಟದ ಪಾತ್ರೆಗಳು ಗುಡ್ಡದ ಹಾಗೆ ಬಿದ್ದಿದ್ದವು.

ಮಾವನ ಕಿವಿಗೆ ಯಂತ್ರ ಏರಿತು. ಜಂಬಣ್ಣ ಸೂಜಿ ಆಡಿಸಿದ. ಹರಳಿನ ಈ ಮೂಲೆ, ಆ ಮೂಲೆ, ತಳ, ನೆತ್ತಿ. ಉಹೂಂ! ಸಂಜೆ ಕೆಂಪಾಗಿ ಕಪ್ಪಿಗೆ ತಿರುಗಿತು. ಹಾಡುವವರಿಗೆ ಗಂಟಲು ಕಟ್ಟಿರಬೇಕು ಎಂದು ಜಂಬಣ್ಣ ತೊದಲಿದ.

“ನನ್ನ ಕಿವಿ ಬೆವರಾಕತ್ಯಾವ,” ಎನ್ನುತ್ತ ಮಾವ ಯಂತ್ರ ತೆಗೆಯಲು ಕೈ ಎತ್ತಿದರು.

ತಂಗಿಯ ಮದುವೆ ಕಣ್ಣೆದುರೇ ಕೈಬಿಟ್ಟು ಹೋಗುವುದನ್ನು ಶರಣಮ್ಮ ನೋಡಿದಳು. ದುಃಖ ಒಂದು ಕಡೆ, ಸಿಟ್ಟು ಒಂದು ಕಡೆ. ಕಟ್ಟಪ್ಪಣೆಯನ್ನು ಗಾಳಿಗೆ ತೂರಿ ಹಿತ್ತಲಿಗೆ ನಡೆದು, ಪಾತ್ರೆಗಳ ಮೇಲೆ ಇಡೀ ಕೊಡ ನೀರು ಸುರಿದು, ಗಂಡನನ್ನೇ ತಿಕ್ಕುತ್ತಿರುವ ಹಾಗೆ ತಿಕ್ಕತೊಡಗಿದಳು.

ಮಾವನ ಕೈ ಕಿವಿಯ ಹತ್ತಿರವೇ ನಿಂತಿತು. “ಹಾಡಾಕತ್ತಾರ,” ಅಂದರು ಮೆಲ್ಲಗೆ.

ಜಂಬಣ್ಣ ಹೋ ಎಂದು ಕೂಗಿದ್ದು ಕೇಳಿ ಶರಣಮ್ಮ ಕೆಲಸ ಬಿಟ್ಟು ಓಡಿಬಂದಳು. ತುಸು ಹೊತ್ತಿಗೆ ಹಾಡು ಸಣ್ಣದಾಯಿತೆಂದರು ಮಾವ. ಮತ್ತೆ ಹೋಗಿ ನೀರು ಹಾಕಿದಳು, ಮತ್ತೆ ದೊಡ್ಡದಾಯಿತು. ಜಂಬಣ್ಣ ಸಂಜೆಯ ಸಿದ್ಧಾಂತ ಹಿಡಿದು ಒದ್ದಾಡುತ್ತಿರುವಾಗಲೇ ಅವಳಿಗೆ ಗುಟ್ಟು ಹೊಳೆದಿತ್ತು. ಹಾರೆಯ ಬುಡ ಹಸಿಯಾದರೆ ರೇಡಿಯೋ ಹಾಡುತ್ತದೆ, ಒಣಗಿದರೆ ಬಾಯಿ ಮುಚ್ಚುತ್ತದೆ!

“ನಾನೂ ನಾಕು ಹಾಡು ಕೇಳ್ತೀನಿ,” ಅಂದಳು ಗಂಡನಿಗೆ. “ನೀರು ನೀವು ಹಾಕ್ರಿ. ಹೆಂಗೂ ಹಾಕ್ತೀರಿ, ಮುಸುರಿನೂ ತಿಕ್ಕಿಬಿಡ್ರಿ.”

ಹಾಗೆ ಸಂಶೋಧಕರು ಮುಸುರೆ ಕಲ್ಲಿನ ಮೇಲೆ ವಿರಾಜಮಾನರಾದರು. ಒಂದು ಕಿವಿಯ ಯಂತ್ರ ಅಪ್ಪನಿಗೆ, ಇನ್ನೊಂದು ಮಗಳಿಗೆ. ಇಬ್ಬರೂ ತಲೆಗೆ ತಲೆ ಹಚ್ಚಿ ಕೂತು ಕಣ್ಣು ಮುಚ್ಚಿದರು. ಕಡೆಗೆ ಮಾವ ಓಣಿಗೆಲ್ಲ ಕೇಳುವಂತೆ ಹೇಳಿದರು: “ನಮ್ಮ ಅಳಿಯ ಭಾಳ ಗಟ್ಟಿಗ. ಮದುವಿಗೆ ಇದನ್ನೂ ತಗೊಂಡು ಬರ್ರಿ, ದೇವದುರ್ಗದ ಬೀಗರು ಕೇಳಲಿ.”

ಗೆದ್ದೆ! ಜಂಬಣ್ಣನ ಎದೆ ಉಬ್ಬಿತು. ಮೊಣಕೈ ತನಕ ಬೂದಿ ಬಳಿದುಕೊಂಡೇ ಎದ್ದು ಬಂದು, ತನ್ನ ರೇಡಿಯೋ ತಾನೂ ಒಂದಿಷ್ಟು ಕೇಳೋಣವೆಂದು ಕೈ ಚಾಚಿದ. ಅಪ್ಪ, ಮಗಳು ಇಬ್ಬರೂ ಒಟ್ಟಿಗೇ ಹಿಂದೆ ಸರಿದರು.

“ಕೈ ಹಚ್ಚಬ್ಯಾಡ್ರಿ,” ಅಂದಳು ಶರಣಮ್ಮ. “ಮುಸುರಿ ಕೈ.”